ಪಿಕಪ್‌ನ ಹಳೆ ಬಾಡಿ ಬಿಚ್ಚಿ ಫ್ಲಾಟ್‌ಬೆಡ್ ಕೂರಿಸುವುದು ಹೇಗೆ?

ಪಿಕಪ್ ಗಾಡಿಗಳಲ್ಲಿ ಎಂಜಿನ್ ಸೋಲುವ ಮೊದಲೇ ಹಿಂದಿನ ಲೋಡ್ ಬಾಡಿ ಸೋಲುವುದುಂಟು. ಮಲ್ಪೆ, ಮಂಗಳೂರಿನ ಕಡೆ ಮೀನಿನ ಕ್ರೇಟ್‌ಗಳಿಂದ ಸೋರುವ ಉಪ್ಪುನೀರು, ಬಯಲುಸೀಮೆಯಲ್ಲಿ ಗೊಬ್ಬರದ ಚೀಲದಿಂದ ಉದುರುವ ಪೊಟ್ಯಾಷ್, ಎಲ್ಲ ಕಡೆಯೂ ಒದ್ದೆ ಮರಳು ಮತ್ತು ಸೆಗಣಿ. ಇವು ತಗಡಿನ ಮೇಲ್ಮೈಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಸಂದಿಗಳಲ್ಲಿ ಕೂತು ತಿನ್ನುತ್ತವೆ. ಕ್ಯಾಬಿನ್ ಬದಿಯ ಮೂಲೆಗಳು, ಚಕ್ರದ ಮೇಲಿನ ಉಬ್ಬು, ನೆಲದ ತಗಡು ಅಡ್ಡಪಟ್ಟಿಗೆ ತಾಗುವ ಗೆರೆ ಮೊದಲು ಹೋಗುತ್ತವೆ. ಮೇಲೆ ಬಣ್ಣ ನೆಟ್ಟಗಿದ್ದರೂ ಕೆಳಗಿಂದ ಸ್ಕ್ರೂಡ್ರೈವರ್ ಒತ್ತಿದರೆ ತೂತು ಬೀಳುತ್ತದೆ. ಇನ್ನು ಕೆಲವು ಗಾಡಿಗಳ ಬಾಡಿ ಹಿಂದಿನಿಂದ ಲಾರಿ ಗುದ್ದಿ ಒಂದೇ ದಿನದಲ್ಲಿ ಮುದುಡಿರುತ್ತದೆ.

ಹೀಗಾದಾಗ ಮಾಲೀಕರ ಮುಂದೆ ಮೂರು ದಾರಿಗಳಿವೆ. ತೇಪೆ ಹಾಕಿಸುವುದು, ಕಂಪನಿಯ ಅದೇ ಬಾಡಿ ತಂದು ಕೂರಿಸುವುದು, ಇಲ್ಲವೇ ಪಕ್ಕದ ಗೋಡೆಗಳಿಲ್ಲದ ಚಪ್ಪಟೆ ಡೆಕ್, ಅಂದರೆ ಫ್ಲಾಟ್‌ಬೆಡ್ ಮಾಡಿಸುವುದು. ಮೂರನೆಯದನ್ನು ಆರಿಸಿಕೊಳ್ಳುವವರು ಸಾಮಾನ್ಯವಾಗಿ ಮೇಲೆ ಕಾಣುವ ಚೆಕರ್ ಪ್ಲೇಟಿನ ದಪ್ಪದ ಬಗ್ಗೆಯೇ ಮಾತಾಡುತ್ತಾರೆ. ಆದರೆ ಫ್ಲಾಟ್‌ಬೆಡ್ಡಿನ ಆಯುಸ್ಸು, ಗಾಡಿಯ ಆಯುಸ್ಸು ಎರಡೂ ತೀರ್ಮಾನವಾಗುವುದು ಕೆಳಗೆ, ಡೆಕ್ ಮತ್ತು ಚಾಸಿ ಸೇರುವ ಜಾಗದಲ್ಲಿ. ಈ ಕೆಲಸದಲ್ಲಿ ಹೆಚ್ಚು ಗಮನ ಸಲ್ಲಬೇಕಾದದ್ದು ಅಲ್ಲಿಗೇ.

ನಿಮ್ಮ ಸರಕಿಗೆ ಇದು ಹೊಂದುತ್ತದೆಯೇ?

ಪಿವಿಸಿ ಪೈಪು, ಕಬ್ಬಿಣದ ಸರಳು, ಪ್ಲೈವುಡ್ ಶೀಟು, ಶಾಮಿಯಾನದ ಕಂಬ, ರೋಟವೇಟರ್, ಪಂಪ್‌ಸೆಟ್, ಡ್ರಮ್ಮು, ಜಿಗಣಿ ಕಡೆಯ ಗ್ರಾನೈಟ್ ಹಲಗೆಗಳು: ಇಂಥವಕ್ಕೆ ಫ್ಲಾಟ್‌ಬೆಡ್ ಹೇಳಿ ಮಾಡಿಸಿದ್ದು. ಮೂರು ಬದಿಯಿಂದಲೂ ಏರಿಸಬಹುದು, ಇಳಿಸಬಹುದು. ಚಕ್ರದ ಉಬ್ಬು ಅಡ್ಡ ಬರುವುದಿಲ್ಲ. ಫೋರ್ಕ್‌ಲಿಫ್ಟ್ ನೇರ ಪಕ್ಕಕ್ಕೆ ಬಂದು ಪ್ಯಾಲೆಟ್ ಇಡಬಹುದು.

ಮರಳು, ಜಲ್ಲಿ, ಸೆಗಣಿ ಗೊಬ್ಬರ, ಕುರಿ-ಮೇಕೆ ಸಾಗಿಸುವವರಿಗೆ ಇದು ಹೊಂದದು. ಟೊಮೆಟೊ ಕ್ರೇಟು, ಅಡಿಕೆ ಮೂಟೆಗಳನ್ನು ಸಾಗಿಸಬಹುದು, ಆದರೆ ಪ್ರತಿ ಬಾರಿಯೂ ಕಟ್ಟುವ ಶ್ರಮ ಹೆಚ್ಚು. ಎರಡೂ ಬಗೆಯ ಬಾಡಿಗೆ ಹೊಡೆಯುವವರು ಡೆಕ್ಕಿನ ಅಂಚಿನಲ್ಲಿ ಗೂಟ ಸಿಕ್ಕಿಸುವ ಗೂಡುಗಳನ್ನು ಮಾಡಿಸಿ, ಬೇಕಾದಾಗ ಹಾಕುವ, ಬೇಡವಾದಾಗ ತೆಗೆದಿಡುವ ಪಕ್ಕದ ಬಾಗಿಲುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕಾಗದ ಮೊದಲು, ಸ್ಪ್ಯಾನರ್ ಆಮೇಲೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಇದ್ದ ಬಾಡಿಯನ್ನು ಅದೇ ಮಾದರಿಯಲ್ಲಿ ಹೊಸದಾಗಿ ಹಾಕಿಸುವುದು ರಿಪೇರಿ. ಬಾಡಿಯ ಬಗೆಯೇ ಬದಲಾದರೆ ಅದು ಮಾರ್ಪಾಡು. ಹಾಗಾಗಿ ಒಂದು ಬೋಲ್ಟು ಬಿಚ್ಚುವ ಮೊದಲೇ ನಕ್ಷೆ, ಅಳತೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಲಿಖಿತ ಅನುಮತಿ ಪಡೆಯಿರಿ. ಅನುಮತಿ ಸಿಕ್ಕಿ ಕೆಲಸ ಮುಗಿದ ಮೇಲೆ 14 ದಿನಗಳೊಳಗೆ ಆರ್‌ಸಿಯಲ್ಲಿ ಬದಲಾವಣೆ ದಾಖಲಿಸಬೇಕು.

ಇಲ್ಲಿ ಒಂದು ಅನುಕೂಲವಿದೆ. ಮಹೀಂದ್ರಾದ ಬೊಲೆರೊ ಪಿಕಪ್‌ನಲ್ಲಿ ಬಾಡಿಯಿಲ್ಲದೆ ಬರೀ ಕ್ಯಾಬಿನ್-ಚಾಸಿ ಬರುವ ಆವೃತ್ತಿಯಿದೆ. ಇಸುಜು ಡಿ-ಮ್ಯಾಕ್ಸ್‌ನಲ್ಲಿ ಕಂಪನಿಯೇ ಫ್ಲಾಟ್ ಡೆಕ್ ಹಾಕಿ ಮಾರಿದ ಮಾದರಿಯಿದೆ. ನಿಮ್ಮದೇ ಮಾಡೆಲ್‌ನಲ್ಲಿ ಇಂಥ ಆವೃತ್ತಿ ಇದ್ದರೆ, ಕಂಪನಿ ಒಪ್ಪಿದ ಅಳತೆ, ತೂಕ, ಬೋಲ್ಟಿನ ಜಾಗಗಳು ಡೀಲರ್ ಬಳಿಯ ಬಾಡಿ ಬಿಲ್ಡರ್ ಕೈಪಿಡಿಯಲ್ಲಿ ಸಿಗುತ್ತವೆ. ಅನುಮತಿ ಕೇಳುವಾಗಲೂ, ಕೆಲಸ ಮಾಡಿಸುವಾಗಲೂ ಅದೇ ಆಧಾರ.

ಸಾಲದ ಮೇಲಿರುವ ಗಾಡಿಯಾದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಪಡೆಯಿರಿ. ಅಪಘಾತದಲ್ಲಿ ಬಾಡಿ ಹಾಳಾಗಿದ್ದರೆ ವಿಮಾ ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಬಿಚ್ಚಬೇಡಿ. ಫ್ಲಾಟ್‌ಬೆಡ್ ಆದ ಮೇಲೆ ವಿಮಾ ಕಂಪನಿಗೂ ಬರೆದು ತಿಳಿಸಿ.

ಬಾಡಿ ಇಳಿಸುವ ದಿನ

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ. ಬಾಡಿಗೂ ಚಾಸಿಗೂ ನಡುವೆ ಇರುವ ಸಂಬಂಧಗಳನ್ನೆಲ್ಲ ಒಂದೊಂದಾಗಿ ಬಿಡಿಸಿ: ಹಿಂದಿನ ದೀಪಗಳ ವೈರಿಂಗ್ ಕಪ್ಲರ್, ಅರ್ಥ್ ವೈರು, ರಿವರ್ಸ್ ಸೆನ್ಸರ್ ಇದ್ದರೆ ಅದು, ಮಡ್‌ಫ್ಲ್ಯಾಪು. ಕೆಲವು ಮಾಡೆಲ್‌ಗಳಲ್ಲಿ ಡೀಸೆಲ್ ತುಂಬುವ ಕೊಳವೆಯ ಬಾಯಿ ಬಾಡಿಯ ಪಕ್ಕಕ್ಕೇ ಸ್ಕ್ರೂ ಆಗಿರುತ್ತದೆ. ಅದನ್ನು ಬಿಡಿಸದೆ ಎತ್ತಿದರೆ ಕೊಳವೆ ಹರಿಯುತ್ತದೆ. ನಂಬರ್ ಪ್ಲೇಟನ್ನು ಅದರ ಬ್ರಾಕೆಟ್ ಸಮೇತ ಬಿಚ್ಚಿ, ಏಕೆಂದರೆ ಎಚ್‌ಎಸ್‌ಆರ್‌ಪಿಯ ಸ್ನ್ಯಾಪ್‌ಲಾಕ್ ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ.

ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಡದ ಬೋಲ್ಟನ್ನು ಗ್ರೈಂಡರ್‌ನಿಂದ ಕತ್ತರಿಸಬಹುದು, ಗ್ಯಾಸ್ ಕಟರ್ ಬೇಡ. ಪಕ್ಕದಲ್ಲೇ ಬ್ರೇಕ್ ಪೈಪು, ಡೀಸೆಲ್ ಪೈಪು ಹಾದುಹೋಗುತ್ತವೆ. ಅಷ್ಟೇ ಅಲ್ಲ, ಗ್ಯಾಸಿನ ಬಿಸಿ ಚಾಸಿಯ ಉಕ್ಕಿನ ಗಟ್ಟಿತನವನ್ನೂ ಕೆಡಿಸುತ್ತದೆ.

ಬಾಡಿ ಕೆಳಗಿಳಿದ ಮೇಲೆ ಚಾಸಿ ಪೂರ್ತಿ ಬಯಲಾಗುತ್ತದೆ. ಈ ಅವಕಾಶ ಮತ್ತೆ ಎಷ್ಟೋ ವರ್ಷ ಸಿಗದು, ಆದ್ದರಿಂದ ಅದೇ ದಿನ ಹೊಸ ಡೆಕ್ ಕೂರಿಸುವ ಆತುರ ಬೇಡ. ವಾಟರ್ ಜೆಟ್‌ನಿಂದ ತೊಳೆಸಿ, ಒಣಗಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿ ನೋಡಿ. ಹಿಂದಿನ ಪಟ್ಟಾ ಸ್ಪ್ರಿಂಗಿನ ಹ್ಯಾಂಗರ್‌ಗಳ ಸುತ್ತ, ರಿವೆಟ್‌ಗಳ ಪಕ್ಕ, ಹಳೆ ಬಾಡಿ ಕೂತಿದ್ದ ಬ್ರಾಕೆಟ್‌ಗಳ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಪರೀಕ್ಷಿಸಿ. ಬಿರುಕಿನ ಗೆರೆಯ ಉದ್ದಕ್ಕೂ ಕಂದು ಬಣ್ಣದ ತುಕ್ಕಿನ ಪುಡಿ ಒಸರಿದ್ದರೆ ಅದು ಆಳವಾದ ಬಿರುಕು ಎಂದೇ ತಿಳಿಯಿರಿ. ಗಾಡಿಗೆ ಹಿಂದಿನಿಂದ ಪೆಟ್ಟು ಬಿದ್ದಿದ್ದರೆ ಚಾಸಿಯ ನಾಲ್ಕು ಗುರುತುಗಳ ನಡುವೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿ. ಎರಡು ಕರ್ಣಗಳ ಅಳತೆ ಒಂದೇ ಬರಬೇಕು. ಬರದಿದ್ದರೆ ಚಾಸಿ ಸೊಟ್ಟಗಾಗಿದೆ. ಅದನ್ನು ನೆಟ್ಟಗೆ ಮಾಡದೆ ಮೇಲೆ ಎಂಥ ಡೆಕ್ ಕೂರಿಸಿದರೂ ಟೈರು ಸವೆಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ.

ಡೆಕ್ಕಿನ ತೂಕ ನಿಮ್ಮ ಬಾಡಿಗೆಯಿಂದಲೇ ಕಡಿತ

ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ ಬದಲಾಗುವುದಿಲ್ಲ. ಹಾಗಾಗಿ ಡೆಕ್ ಎಷ್ಟು ಕೆಜಿ ಹೆಚ್ಚಾದರೆ ಸರಕು ಅಷ್ಟು ಕೆಜಿ ಕಡಿಮೆಯಾಗಬೇಕು. 9 ಅಡಿ ಉದ್ದ, ಐದೂವರೆ ಅಡಿ ಅಗಲದ ಡೆಕ್ಕಿನ ಲೆಕ್ಕ ಹಾಕೋಣ. ಅದರ ವಿಸ್ತೀರ್ಣ ಸುಮಾರು 4.6 ಚದರ ಮೀಟರ್.

3 ಮಿ.ಮೀ. ಚೆಕರ್ ಪ್ಲೇಟು ಚದರ ಮೀಟರಿಗೆ ಸುಮಾರು 25 ಕೆಜಿ ತೂಗುತ್ತದೆ, ಒಟ್ಟು 115 ಕೆಜಿ. ಚಾಸಿಯ ಮೇಲೆ ಉದ್ದಕ್ಕೆ ಮಲಗುವ ಎರಡು ಐಎಸ್‌ಎಂಸಿ 100 ಚಾನೆಲ್‌ಗಳು, ಮೀಟರಿಗೆ ಸುಮಾರು ಒಂಬತ್ತೂವರೆ ಕೆಜಿಯಂತೆ, 52 ಕೆಜಿ. ಅವುಗಳ ಮೇಲೆ ಅಡ್ಡಕ್ಕೆ ಏಳು ಐಎಸ್‌ಎಂಸಿ 75 ಚಾನೆಲ್‌ಗಳು, ಸುಮಾರು 84 ಕೆಜಿ. ಸುತ್ತ ಅಂಚಿಗೆ 50 ಮಿ.ಮೀ. ಆಂಗಲ್, 34 ಕೆಜಿ. ಇಷ್ಟಕ್ಕೇ 285 ಕೆಜಿ. ಹೆಡ್‌ಬೋರ್ಡ್, ಯು-ಬೋಲ್ಟು, ಹುಕ್ಕುಗಳು ಸೇರಿದರೆ 320ರ ಆಸುಪಾಸು.

"ಗಟ್ಟಿಯಾಗಿರಲಿ" ಎಂದು 5 ಮಿ.ಮೀ. ಪ್ಲೇಟು ಹಾಕಿಸಿದರೆ ಸುಮಾರು 75 ಕೆಜಿ ಏರುತ್ತದೆ. ಹೋಗುವಾಗ, ಬರುವಾಗ, ಖಾಲಿ ಇದ್ದಾಗಲೂ ಒಂದೂವರೆ ಮೂಟೆ ಸಿಮೆಂಟನ್ನು ಹೊತ್ತು ತಿರುಗಿದಂತೆ. ಡೆಕ್ಕಿಗೆ ಬಲ ಬರುವುದು ಪ್ಲೇಟಿನ ದಪ್ಪಕ್ಕಿಂತ ಹೆಚ್ಚಾಗಿ ಕೆಳಗಿನ ಅಡ್ಡಪಟ್ಟಿಗಳ ಒತ್ತಾದ ಜೋಡಣೆಯಿಂದ. ಮೇಲಿನ ಲೆಕ್ಕದಲ್ಲಿ ಅಡ್ಡಪಟ್ಟಿಗಳ ನಡುವಿನ ಅಂತರ ಹದಿಮೂರೂವರೆ ಇಂಚು. ಬಿಡಿ ಯಂತ್ರಗಳಂತೆ ಒಂದೇ ಜಾಗದಲ್ಲಿ ಭಾರ ಬೀಳುವ ಸರಕಿದ್ದರೆ ಪ್ಲೇಟು ದಪ್ಪ ಮಾಡುವ ಬದಲು ಆ ಜಾಗದಲ್ಲಿ ಇನ್ನೊಂದು ಪಟ್ಟಿ ಸೇರಿಸಿ. ಮತ್ತಿ, ಹೊನ್ನೆಯಂಥ ಗಟ್ಟಿ ಮರದ ಹಲಗೆಯೂ ಒಳ್ಳೆಯ ನೆಲವೇ. ಸರಕು ಜಾರುವುದು ಕಡಿಮೆ, ಸವೆದ ಹಲಗೆಯೊಂದನ್ನೇ ಬದಲಿಸಬಹುದು.

ಕೆಲಸ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ, ಚೀಟಿ ಇಟ್ಟುಕೊಳ್ಳಿ. ಮಿತಿ ಮೀರಿ ಹೇರಿದರೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000.

ಭಾರ ಆಕ್ಸಲ್‌ನ ಯಾವ ಕಡೆ?

ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೇಳುತ್ತದೆ. ಪಿಕಪ್‌ನಲ್ಲಿ ನಡೆಯುವುದೂ ಅದೇ. ಇಲ್ಲಿ ಮೇಲೇಳುವುದು ಸ್ಟೀರಿಂಗ್ ಚಕ್ರಗಳು. ಆಕ್ಸಲ್‌ಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 3 ಮೀಟರ್ ಎಂದಿಟ್ಟುಕೊಳ್ಳಿ. 1,000 ಕೆಜಿ ಸರಕಿನ ನಡುಬಿಂದು ಹಿಂದಿನ ಆಕ್ಸಲ್‌ಗಿಂತ 30 ಸೆಂ.ಮೀ. ಮುಂದಿದ್ದರೆ ಮುಂದಿನ ಚಕ್ರಗಳ ಮೇಲೆ 100 ಕೆಜಿ, ಹಿಂದಿನವುಗಳ ಮೇಲೆ 900 ಕೆಜಿ ಬೀಳುತ್ತದೆ. ಅದೇ ನಡುಬಿಂದು 30 ಸೆಂ.ಮೀ. ಹಿಂದೆ ಸರಿದರೆ ಹಿಂದಿನ ಆಕ್ಸಲ್‌ಗೆ 1,100 ಕೆಜಿ, ಮುಂದಿನ ಚಕ್ರಗಳಿಂದ 100 ಕೆಜಿ ಕಳೆಯುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಮುಂದಿನ ಬ್ರೇಕು ಹಿಡಿಯುವುದು ಕಡಿಮೆಯಾಗುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಆದ್ದರಿಂದ "ಇನ್ನೊಂದಡಿ ಉದ್ದ ಮಾಡಿಬಿಡೋಣ" ಎಂಬ ಮಾತಿಗೆ ಒಪ್ಪಬೇಡಿ. ಉದ್ದ ಬೆಳೆಯುವುದು ಹಿಂದಕ್ಕೇ. ಹಿಂದಿನ ಆಕ್ಸಲ್‌ನಿಂದ ಆಚೆ ಚಾಚುವ ಭಾಗ ವೀಲ್‌ಬೇಸ್‌ನ ಶೇ 60 ಮೀರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮ 93 ಹೇಳುತ್ತದೆ. 3 ಮೀಟರ್ ವೀಲ್‌ಬೇಸ್‌ಗೆ ಅದು 1.8 ಮೀಟರ್. ಅದು ಕಾನೂನಿನ ಗರಿಷ್ಠ ಮಿತಿ. ಪಿಕಪ್‌ನ ಸಮತೋಲ ಚೆನ್ನಾಗಿರಬೇಕಾದರೆ ಹಳೆ ಬಾಡಿ ಎಲ್ಲಿಗೆ ಮುಗಿದಿತ್ತೋ ಅಲ್ಲಿಗೇ ಹೊಸ ಡೆಕ್ಕೂ ಮುಗಿಯಲಿ.

ಡೆಕ್ಕಿನ ಎತ್ತರವೂ ಅಷ್ಟೇ ಮುಖ್ಯ. ಚಕ್ರದ ಉಬ್ಬು ಇಲ್ಲವಾದ್ದರಿಂದ ಡೆಕ್ ಟೈರಿಗಿಂತ ಮೇಲಿರಲೇಬೇಕು. ಪೂರ್ತಿ ಲೋಡಿನಲ್ಲಿ ಗುಂಡಿಗೆ ಬಿದ್ದು ಸ್ಪ್ರಿಂಗ್ ತಳ ಮುಟ್ಟಿದಾಗಲೂ ಟೈರು ಅಡ್ಡಪಟ್ಟಿಗೆ ತಾಗಬಾರದು. ಹಾಗೆಂದು ಬೇಕಾದ್ದಕ್ಕಿಂತ ಎತ್ತರಿಸಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ತಾಗದಷ್ಟು ಎತ್ತರ ಸಾಕು, ಅದರ ಮೇಲೆ ಒಂದಿಂಚೂ ಬೇಡ.

ಚಾಸಿಗೆ ಕಟ್ಟುವ ಬಗೆ

ಪಿಕಪ್‌ನ ಚಾಸಿ ಏಣಿಯ ಆಕಾರದ್ದು. ಹಳ್ಳ-ದಿಣ್ಣೆಯಲ್ಲಿ ಅದು ಸ್ವಲ್ಪ ತಿರುಚಿಕೊಳ್ಳಲೆಂದೇ ರೂಪಿಸಿದ್ದು. ಗಡುಸಾದ ಡೆಕ್ಕನ್ನು ಅದಕ್ಕೆ ಬಿಗಿಯಾಗಿ ವೆಲ್ಡ್ ಮಾಡಿದರೆ ಆ ತಿರುಚುವಿಕೆಗೆ ಜಾಗ ಸಿಗದೆ, ವೆಲ್ಡಿಂಗ್ ಮುಗಿಯುವ ಅಂಚಿನಲ್ಲೇ ಚಾಸಿ ಸೀಳುತ್ತದೆ. ಹೀಗಾಗಿ ಡೆಕ್ಕನ್ನು ಚಾಸಿಗೆ ವೆಲ್ಡ್ ಮಾಡಿಸಲೇಬೇಡಿ. ಚಾಸಿಯ ಮೇಲಿನ, ಕೆಳಗಿನ ಅಂಚುಗಳಲ್ಲಿ, ಅಂದರೆ ಫ್ಲ್ಯಾಂಜ್‌ಗಳಲ್ಲಿ ಹೊಸ ತೂತು ಕೊರೆಯಬೇಡಿ, ಏಕೆಂದರೆ ಹೆಚ್ಚಿನ ಒತ್ತಡ ಹೊರುವುದು ಅವೇ.

ಕಂಪನಿಯ ಹಳೆ ಬ್ರಾಕೆಟ್‌ಗಳು ಗಟ್ಟಿಯಾಗಿದ್ದರೆ ಹೊಸ ಡೆಕ್ಕಿನ ಕಾಲುಗಳನ್ನು ಅವುಗಳ ಅಳತೆಗೇ ಹೊಂದಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಯು-ಬೋಲ್ಟು. ಯು-ಬೋಲ್ಟನ್ನು ಹಾಗೇ ಬಿಗಿದರೆ ಸಿ ಆಕಾರದ ಚಾಸಿಯ ಅಂಚುಗಳು ಒಳಕ್ಕೆ ಬಾಗುತ್ತವೆ. ಅದನ್ನು ತಡೆಯಲು ಚಾಸಿಯ ಹೊಟ್ಟೆಯೊಳಗೆ ಎತ್ತರಕ್ಕೆ ಸರಿಯಾದ ಉಕ್ಕಿನ ಅಥವಾ ಗಟ್ಟಿ ಮರದ ತುಂಡನ್ನು ನಿಲ್ಲಿಸಬೇಕು. ಸೈಲೆನ್ಸರ್ ಹತ್ತಿರ ಮರ ಬೇಡ, ಉಕ್ಕೇ ಇರಲಿ. ಬ್ರೇಕ್ ಪೈಪು, ವೈರಿಂಗ್ ಯು-ಬೋಲ್ಟಿನ ಅಡಿ ಸಿಕ್ಕಿಕೊಳ್ಳದಂತೆ ಬಿಗಿಯುವ ಮುನ್ನ ಬೆರಳು ಆಡಿಸಿ ನೋಡಿ.

ಯು-ಬೋಲ್ಟು ಹಿಡಿಯುವುದು ಬರೀ ಬಿಗಿತದ ಬಲದಿಂದ. ಜೋರಾಗಿ ಬ್ರೇಕ್ ಹಾಕಿದಾಗ ಡೆಕ್ ಮುಂದಕ್ಕೆ ಜಾರಬಹುದು. ಆದ್ದರಿಂದ ಹಿಂಭಾಗದಲ್ಲಿ ಎರಡೂ ಬದಿಗೆ ಒಂದೊಂದು ಉಕ್ಕಿನ ತಟ್ಟೆಯನ್ನು ಡೆಕ್ಕಿನ ಉದ್ದಪಟ್ಟಿಗೆ ವೆಲ್ಡ್ ಮಾಡಿ, ಚಾಸಿಯ ನಿಂತ ಗೋಡೆಯಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಬೇಕು. ತಟ್ಟೆಯ ವೆಲ್ಡಿಂಗನ್ನು ಡೆಕ್ ಕೆಳಗಿರುವಾಗಲೇ ಮುಗಿಸಿ. ಗಾಡಿಯ ಮೇಲೇ ವೆಲ್ಡ್ ಮಾಡುವುದು ಅನಿವಾರ್ಯವಾದರೆ ಬ್ಯಾಟರಿ ಕಳಚಿರಲಿ, ಅರ್ಥ್ ಕ್ಲಾಂಪು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಇರಲಿ. ಇಲ್ಲವಾದರೆ ಕರೆಂಟು ಎಂಜಿನ್ ಕಂಪ್ಯೂಟರ್ ಆದ ಇಸಿಯು ಮೂಲಕ ಹಾದುಹೋಗಿ ಅದನ್ನು ಸುಡಬಹುದು.

ಮುಂಭಾಗದ ಹಿಡಿತ ಇದಕ್ಕಿಂತ ಸಡಿಲವಾಗಿರಬೇಕು. ಬೋಲ್ಟಿಗೆ ಸ್ಪ್ರಿಂಗ್ ಅಥವಾ ದಪ್ಪ ರಬ್ಬರ್ ಕೊಟ್ಟರೆ ಚಾಸಿ ತಿರುಚಿದಾಗ ಡೆಕ್ಕಿನ ಮುಂದಿನ ಮೂಲೆ ಕೊಂಚ ಎದ್ದು ಕೂರುತ್ತದೆ. ಉದ್ದಪಟ್ಟಿಯ ಮುಂದಿನ ತುದಿಯನ್ನು ಚೌಕಾಗಿ ಕತ್ತರಿಸದೆ ಇಳಿಜಾರಾಗಿ ತೆಳುಗೊಳಿಸಿದರೆ ಭಾರ ಒಮ್ಮೆಲೇ ಒಂದು ಬಿಂದುವಿನ ಮೇಲೆ ಬೀಳುವುದಿಲ್ಲ. ಕ್ಯಾಬಿನ್ ರಬ್ಬರ್ ಮೌಂಟ್‌ಗಳ ಮೇಲೆ ಬೇರೆಯಾಗಿಯೇ ಅಲುಗುವುದರಿಂದ ಅದಕ್ಕೂ ಹೆಡ್‌ಬೋರ್ಡಿಗೂ ನಡುವೆ ಎರಡು-ಮೂರು ಇಂಚಾದರೂ ಜಾಗ ಬಿಡಿ.

ಉದ್ದಪಟ್ಟಿ ಮತ್ತು ಚಾಸಿಯ ನಡುವೆ ಗಟ್ಟಿ ಮರ ಅಥವಾ ರಬ್ಬರ್ ಪಟ್ಟಿ ಹಾಸುವುದು ವಾಡಿಕೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಣ್ಣ ಹೋಗುವುದನ್ನು ಅದು ತಡೆಯುತ್ತದೆ. ಅಲ್ಯೂಮಿನಿಯಂ ಡೆಕ್ ಮಾಡಿಸುವವರಿಗೆ ಈ ಪಟ್ಟಿ ಬೇಕೇ ಬೇಕು: ಎರಡು ಲೋಹಗಳು ನೇರ ತಾಗಿದಲ್ಲಿ ಮಳೆನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಕರಗಿಹೋಗುತ್ತದೆ.

ಪ್ಲೇಟನ್ನು ಅಡ್ಡಪಟ್ಟಿಗೆ ಉದ್ದಕ್ಕೂ ವೆಲ್ಡ್ ಮಾಡಿದರೆ ಬಿಸಿಗೆ ಸುಕ್ಕಾಗುತ್ತದೆ. ಎರಡು ಇಂಚು ವೆಲ್ಡು, ಆರು ಇಂಚು ಬಿಡುವು, ಹೀಗೆ ಹೊಲಿಗೆಯಂತೆ ಹೋಗಲಿ. ಬಿಡುವಿನ ಸಂದಿಗಳಿಗೆ ಕೆಳಗಿನಿಂದ ಸೀಲಂಟ್ ತುಂಬಿಸಿ, ಹಳೆ ಬಾಡಿ ಕೊಳೆತದ್ದು ಇದೇ ಸಂದಿಗಳಿಂದ. ಬಣ್ಣಕ್ಕಿಂತ ಮೊದಲು ತುಕ್ಕೆಲ್ಲ ಹೋಗಿರಲಿ, ಎಪಾಕ್ಸಿ ಪ್ರೈಮರ್ ಬೀಳಲಿ, ಕಣ್ಣಿಗೆ ಕಾಣದ ತಳಭಾಗಕ್ಕೆ ಎರಡು ಕೋಟ್ ಸಿಗಲಿ.

ದೀಪ, ಬ್ರೇಕು, ಪ್ರತಿಫಲಕ

ಹಳೆ ಬಾಡಿ ಬೋಲ್ಟಿನ ಮೂಲಕ ಚಾಸಿಗೆ ತಾಗಿಕೊಂಡಿದ್ದರಿಂದ ಎಷ್ಟೋ ಗಾಡಿಗಳಲ್ಲಿ ಹಿಂದಿನ ದೀಪಗಳಿಗೆ ಅದೇ ಅರ್ಥ್ ಆಗಿರುತ್ತದೆ. ಹೊಸ ಡೆಕ್ಕಿನಡಿ ಮರ, ರಬ್ಬರ್ ಬಂದಾಗ ಆ ದಾರಿ ಕಡಿದುಹೋಗುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತುವುದು ಇದರ ಲಕ್ಷಣ. ದೀಪದಿಂದ ಚಾಸಿಗೆ ಪ್ರತ್ಯೇಕ ಅರ್ಥ್ ವೈರು ಎಳೆಸಿ. ಬ್ರೇಕ್, ಇಂಡಿಕೇಟರ್, ರಿವರ್ಸ್, ನಂಬರ್ ಪ್ಲೇಟ್ ದೀಪಗಳು, ಕೆಂಪು ರಿಫ್ಲೆಕ್ಟರ್, ಪ್ರತಿಫಲಿಸುವ ಟೇಪು, ಮಡ್‌ಗಾರ್ಡು ಇವೆಲ್ಲ ಎಫ್‌ಸಿ ವೇಳೆ ನೋಡುವಂಥವು. ಎಂಟು ವರ್ಷದೊಳಗಿನ ಸರಕು ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಕೊಂಡಿಯಿಂದ ಜೋಡಿಸಿದ ಎಲ್‌ಎಸ್‌ಪಿವಿ ಎಂಬ ಕವಾಟವಿರುತ್ತದೆ. ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂಬುದರ ಮೇಲೆ ಅದು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ನಿರ್ಧರಿಸುತ್ತದೆ. ಖಾಲಿ ಗಾಡಿಯ ತೂಕ ಬದಲಾದಾಗ ಅದರ ಹೊಂದಾಣಿಕೆಯನ್ನು ಸರ್ವೀಸ್ ಸೆಂಟರ್‌ನಲ್ಲಿ ಚೆಕ್ ಮಾಡಿಸಿ.

ಕಟ್ಟದ ಸರಕು ಹೇರಿದಂತಲ್ಲ

ಗೋಡೆಯಿಲ್ಲದ ಡೆಕ್ಕಿನಲ್ಲಿ ಸರಕನ್ನು ಹಿಡಿದಿಡುವುದು ಹೆಡ್‌ಬೋರ್ಡು ಮತ್ತು ಹಗ್ಗ ಮಾತ್ರ. ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ 50ರಷ್ಟು ಬಲವನ್ನು ತಡೆಯುವಂತೆ ಕಟ್ಟಬೇಕೆಂಬುದು ಯುರೋಪಿನಲ್ಲಿ ಪಾಲಿಸುವ ಲೆಕ್ಕ. 1,000 ಕೆಜಿ ಸರಳು ಹೇರಿದರೆ, ಜೋರು ಬ್ರೇಕಿನಲ್ಲಿ 800 ಕೆಜಿಯಷ್ಟು ಬಲ ಡ್ರೈವರನ ಬೆನ್ನ ಕಡೆಗೆ ನುಗ್ಗುತ್ತದೆ. ಹೆಡ್‌ಬೋರ್ಡಿನ ಕಾಲುಗಳು ಪ್ಲೇಟಿನ ಮೇಲೆ ನಿಂತರೆ ಪ್ರಯೋಜನವಿಲ್ಲ, ಕೆಳಗಿನ ಉದ್ದಪಟ್ಟಿಗೇ ಇಳಿದು ಸೇರಬೇಕು. ಹಗ್ಗದ ಹುಕ್ಕುಗಳೂ ಅಡ್ಡಪಟ್ಟಿ ಬಂದು ಸೇರುವ ಜಾಗಗಳಲ್ಲೇ ಇರಬೇಕು. ಸರಕು ಬಾಡಿಯಿಂದಾಚೆ ಚಾಚಿದರೆ ಕಾಯ್ದೆಯ ದಂಡ 20,000 ರೂಪಾಯಿ. ಉದ್ದದ ಸರಳು ಹೇರುವವರು ಇದನ್ನು ಮರೆಯಬಾರದು.

ಇದಕ್ಕಿಂತ ದೊಡ್ಡ ಮಾತೊಂದಿದೆ. ತೋಟದ ಕೆಲಸಕ್ಕೆ, ಗಾರೆ ಕೆಲಸಕ್ಕೆ ಆಳುಗಳನ್ನು ಪಿಕಪ್‌ನಲ್ಲಿ ಕರೆದೊಯ್ಯುವುದು ನಮ್ಮಲ್ಲಿ ದಿನನಿತ್ಯದ ನೋಟ. ಗೋಡೆಯಿರುವ ಬಾಡಿಯಲ್ಲೇ ಅದು ಅಪಾಯ. ಫ್ಲಾಟ್‌ಬೆಡ್ ಮೇಲೆ ಒಂದು ಗುಂಡಿ, ಒಂದು ತಿರುವು ಸಾಕು ಮನುಷ್ಯರು ರಸ್ತೆಗೆ ಬೀಳಲು. ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಫ್ಲಾಟ್‌ಬೆಡ್ ಮಾಡಿಸುವವರು ಆ ದಿನದಿಂದಲೇ ಇದನ್ನು ನಿಯಮ ಮಾಡಿಕೊಳ್ಳಲಿ: ಹಿಂದೆ ಯಾರೂ ಕೂರುವಂತಿಲ್ಲ, ಎಷ್ಟೇ ಹತ್ತಿರದ ಊರಾದರೂ ಸರಿ.

ಮೊದಲ ತಿಂಗಳ ಆರೈಕೆ

ಹೊಸ ಜೋಡಣೆ ಓಡಾಟದಲ್ಲಿ ಒತ್ತಿಕೊಂಡು ಕೂರುತ್ತದೆ. ಮರ, ರಬ್ಬರ್ ಕುಗ್ಗುತ್ತವೆ, ಬೋಲ್ಟು ಸಡಿಲವಾಗುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿಸಿ. ಬಿಗಿದ ಕೂಡಲೇ ನಟ್ಟು ಮತ್ತು ಬೋಲ್ಟಿನ ಮೇಲೆ ಒಂದೇ ಎಳೆಯಲ್ಲಿ ಬಿಳಿ ಬಣ್ಣದ ಗೆರೆ ಎಳೆಯಿರಿ. ಮುಂದೆ ಟೈರಿಗೆ ಗಾಳಿ ಹಿಡಿಸುವಾಗ ಬಗ್ಗಿ ನೋಡಿದರೆ ಸಾಕು, ಗೆರೆ ಎರಡಾಗಿ ಸರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಆ ಗಾಡಿಗೆ ಅಂದಿನ ಲೋಡು ಹೇರುವ ಮೊದಲು ಅದನ್ನು ಬಿಗಿಸಿ. ಅದೇ ನಟ್ಟು ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಬರೀ ಬಿಗಿಯುತ್ತ ಹೋಗಬೇಡಿ; ಅದರಡಿಯ ಮರ ಕೊಳೆತಿರಬಹುದು ಅಥವಾ ಚಾಸಿಯ ಅಂಚು ಬಾಗುತ್ತಿರಬಹುದು. ಬಿಚ್ಚಿಸಿ, ಕಾರಣ ಕಂಡುಹಿಡಿದು, ಆಮೇಲೆ ಗಾಡಿಯನ್ನು ರಸ್ತೆಗಿಳಿಸಿ.